ನಾಗೂಗೆ ಜಾಮೀನು ನಿಂತದ್ದು

ನನ್ನ ಸಹಿಯ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಹೊಸದುರ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಅಂಕಪಟ್ಟಿಗಳ ಮೇಲೆ ಹಾಕಿ ಹಾಕಿ ಅದು ದುಂಡಗೆ, ಗಂಭೀರವಾಗಿ ಕೂತಿತ್ತು. ಹಾಗಾಗಿ ಗೆಳತಿ ನಾಗರತ್ನ ಬಂದು, "ಇಲ್ಲೊಂದು ಸೈನ್ ಹಾಕೇ, ಜಾಮೀನು ಅಂತ, ಬರೀ ಹೆಸರಿಗೆ" ಎಂದಾಗ ಕಾಗದ ಓದದೆ ಹಾಕಿಬಿಟ್ಟೆ. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಮಕ್ಕಳನ್ನು ಗದರುತ್ತಿದ್ದವಳೂ ನಾನೇ.

ನಾಗು ನಮ್ಮ ಬೀದಿಯಲ್ಲೇ ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಟಕಟಕ ಸದ್ದಿನಲ್ಲೇ ಮಗನನ್ನು ಬೆಳೆಸಿದಳು. ಟೈಪ್ ಕಲಿಯುವವರು ಕಡಿಮೆಯಾದಾಗ ಫೈನಾನ್ಸಿನಲ್ಲಿ ಸಾಲ ಮಾಡಿ ಹತ್ತು ಕಂಪ್ಯೂಟರ್ ತಂದಳು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆಯುವ ಪ್ರಮೇಯವೇ ಬರಲಿಲ್ಲ. ಕಂತು ನಿಂತಿತು. ಇಬ್ಬರಿಗೂ ಸಮನ್ಸ್ ಬಂತು. ಕೋರ್ಟಿನ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋದೀತೆಂದು ಇಬ್ಬರೂ ಹೋಗಲಿಲ್ಲ. ನಾವು ಹೋಗದಿದ್ದರೂ ತೀರ್ಪು ಆಗಿಯೇ ಆಗುತ್ತದೆ ಎಂಬುದು ಆಮೇಲೆ ತಿಳಿಯಿತು.

ವಸೂಲಿಯವರು ಬರತೊಡಗಿದರು. ರೌಡಿಗಳಲ್ಲ, ಚಪ್ಪಲಿ ಹೊರಗೆ ಬಿಡುವಂಥವರು. ಆದರೆ "ಮೇಡಮ್ಮೋರು ಅದಾರೇನ್ರೀ? ಕೋರ್ಟ್ ಆರ್ಡರ್ ಐತೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಸುಳ್ಳೇ ಹೇಳದ ನಮ್ಮ ಯಜಮಾನರು ಅರವತ್ತಾರನೇ ವಯಸ್ಸಿನಲ್ಲಿ, "ಇಲ್ಲಪ್ಪ, ದಾವಣಗೆರೆಗೆ ಹೋಗ್ಯಾಳೆ" ಎನ್ನಲು ಕಲಿತರು. ದಾವಣಗೆರೆಗೆ ಹೋದ ನಾನು ಅಡುಗೆಮನೆಯಲ್ಲಿ, ಕುಕ್ಕರ್ ಎಲ್ಲಿ ಕೂಗಿಬಿಡುತ್ತದೋ ಎಂದು ಒಲೆ ಆರಿಸಿ ಕೂತಿರುತ್ತಿದ್ದೆ.

ಕೊನೆಗೆ ಕೋರ್ಟಿನ ಅಮೀನರೇ ಜಪ್ತಿ ವಾರಂಟ್ ಹಿಡಿದು ಬಂದರು. ವಯಸ್ಸಾದವರು, ಸಂಕೋಚದವರು. "ಅಡುಗೆ ಪಾತ್ರೆ ಮುಟ್ಟಂಗಿಲ್ಲಮ್ಮ, ಹಾಸಿಗೆ ಮುಟ್ಟಂಗಿಲ್ಲ, ತಾಳಿನೂ ಮುಟ್ಟಂಗಿಲ್ಲ. ಕಾನೂನು ಐತೆ. ಟೀವಿ ಎಲ್ಲೈತೆ?" ಎಂದರು. ಟೀವಿ, ಫ್ರಿಜ್ಜು, ಬೀರು ಬರೆದುಕೊಂಡು, "ಓದಿ ಸೈನ್ ಹಾಕ್ರಿ" ಎಂದು ಕಾಗದ ಕೊಟ್ಟರು. ಈ ಸಲ ಓದಿದೆ. ಎರಡು ಕಾಗುಣಿತದ ತಪ್ಪು ಕಂಡವು, ತಿದ್ದಿಯೇ ಸಹಿ ಹಾಕಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ.

ಮರುವಾರ ಡಿಪಾಸಿಟ್ ಮುರಿಸಿ ಪೂರ್ತಿ ಕಟ್ಟಿದೆ. ರಸೀದಿ ಕೊಟ್ಟ ಫೈನಾನ್ಸಿನ ವಕೀಲರು, "ಇನ್ನು ನಾಗರತ್ನಮ್ಮೋರು ನಿಮಗೆ ಕೊಡ್ಬೇಕು. ಬೇಕಾದ್ರೆ ಕೇಸ್ ಹಾಕ್ರಿ" ಎಂದರು. ನಮ್ಮ ಭಾಷೆಯಲ್ಲಿ ಸಾಲ ಮಾಡಿದವನೂ ಸಾಲಗಾರ. 'ಸಾಲಗಾರರು ಬಾಗಿಲಿಗೆ ಬಂದರು' ಎಂದರೆ ಸಾಲ ಕೊಟ್ಟವರೂ ಸಾಲಗಾರರೇ. ಇದೆಂಥ ಸೋಮಾರಿ ಪದ ಎಂದು ಕ್ಲಾಸಿನಲ್ಲಿ ನಗಾಡಿದ್ದೆ. ಒಂದೇ ರಸೀದಿಯಲ್ಲಿ ನಾನು ಈ ಅರ್ಥದಿಂದ ಆ ಅರ್ಥಕ್ಕೆ ದಾಟಿದ್ದೆ.

ಎಲ್ಲ ಮುಗಿಯಿತು, ಹೆದರಬೇಡ ಎಂದು ಹೇಳಲು ಅವತ್ತು ಸಂಜೆಯೇ ನಾಗು ಮನೆಗೆ ಹೋದೆ. ಮಗ ಬಾಗಿಲಲ್ಲೇ ನಿಂತು, "ಅವ್ವ ಇಲ್ಲ ಆಂಟಿ, ಹೊಳಲ್ಕೆರೆಗೆ ಹೋಗೈತೆ" ಎಂದ. ಒಳಗೆ ಯಾರೋ ಕೆಮ್ಮಿದರು. ಆ ಕೆಮ್ಮು ಮೂವತ್ತು ವರ್ಷದಿಂದ ನನಗೆ ಗೊತ್ತು. "ನಾಗೂ" ಎಂದು ಒಮ್ಮೆ ಕರೆಯಬಹುದಿತ್ತು. "ಬಂದ್ಮೇಲೆ ಹೇಳಪ್ಪ" ಎಂದು ತಿರುಗಿ ಬಂದೆ. ಹೋದ ದುಡ್ಡಿಗಿಂತ ಅವತ್ತು ಕರೆಯದೆ ಬಂದದ್ದೇ ನನ್ನನ್ನು ಹೆಚ್ಚು ಸುಡುತ್ತದೆ. ಸ್ವಲ್ಪ ದಿನಕ್ಕೆ ಅವರು ಬೋರ್ಡು ಇಳಿಸಿ ಊರಿನ ಆಚೆ ತುದಿಗೆ ಮನೆ ಬದಲಿಸಿದರು.

ಹೋದ ತಿಂಗಳು ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಸೊರಗಿಹೋಗಿದ್ದಳು. ನನ್ನನ್ನು ನೋಡಿದ್ದೇ ಗೋಡೆಯ ಕಡೆ ತಿರುಗಿ, ಬಣ್ಣ ಹೋದ ವೇಳಾಪಟ್ಟಿಯನ್ನು ಶ್ರದ್ಧೆಯಿಂದ ಓದತೊಡಗಿದಳು. ಎರಡು ಹೆಜ್ಜೆ ಇಟ್ಟೆ. 'ದುಡ್ಡು ಹೋಗ್ಲಿ ಬಿಡೇ' ಎಂಬ ಮಾತು ನಾಲಿಗೆ ತುದಿಗೆ ಬಂತು. ಅದರಲ್ಲೂ ದುಡ್ಡೇ ಇತ್ತು. ಅದಿಲ್ಲದ ಮಾತೊಂದು ಕನ್ನಡ ಮೇಷ್ಟ್ರಮ್ಮನಿಗೆ ಹೊಳೆಯಲಿಲ್ಲ.

ಹೊಸದುರ್ಗದ ಬಸ್ಸು ಬಂತು. ನಾನು ಹತ್ತಿದರೆ ಅವಳು ಹತ್ತುವುದಿಲ್ಲ ಎಂದು ಗೊತ್ತಿತ್ತು. ಬೇರೆ ಊರಿಗೆ ಹೋಗುವವಳಂತೆ ಕಲ್ಲು ಬೆಂಚಿನ ಮೇಲೆ ಕೂತು ಚೀಲದಲ್ಲಿ ಏನೋ ಹುಡುಕಿದೆ. ನೂಕುನುಗ್ಗಲಲ್ಲಿ ಅವಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಷ್ಟು ಮಾತ್ರ ತಲೆಯೆತ್ತಿ ನೋಡಿಕೊಂಡೆ. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು.