ರಸ್ತೆಗೆ ಹಾಸಿದ ಹುರುಳಿ
ಹುರುಳಿ ಕಿತ್ತ ಮೇಲೆ ಕೊಣನೂರಿಗೆ ಹೋಗುವ ನಮ್ಮೂರ ರಸ್ತೆಯಲ್ಲಿ ಅರ್ಧ ಟಾರು ಕಣವಾಗುತ್ತದೆ. ಗಿಡ ಹರಡಿ, ಚದುರದಂತೆ ಅಂಚಿಗೆ ಅಲ್ಲಲ್ಲಿ ಕಲ್ಲಿಟ್ಟರೆ, ಮೇಲೆ ಹಾಯುವ ಬಸ್ಸು, ಲಾರಿಗಳೇ ಪುಕ್ಕಟೆ ಒಕ್ಕಿಕೊಡುತ್ತವೆ. ಹೋದ ವರ್ಷ ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದ ನನ್ನ ತಂಗಿ ಅಂಥ ಕಲ್ಲು ತಪ್ಪಿಸಲು ನಡುರಸ್ತೆಗೆ ಬಂದಳು. ಹಿಂದಿನ ಬಸ್ಸು ಸವರಿಕೊಂಡು ಹೋಯಿತು. ಬಿದ್ದು ಕೈ ಮುರಿದುಕೊಂಡಳು.

ಈ ವರ್ಷ ಮತ್ತೆ ಕಲ್ಲು ಬಿದ್ದಾಗ, ಶಾಲೆಯ ಹೊತ್ತಿನಲ್ಲಾದರೂ ರಸ್ತೆ ಬಿಡಿಸಿ ಎಂದು ಪಂಚಾಯ್ತಿ ಮೆಂಬರನ್ನು ಕೇಳಿದೆ. "ರಸ್ತೆ ಬುಡ್ಸುದ್ರೆ ನಂಗೆ ಓಟು ಬತ್ತದೇನ್ಲಾ?" ಅಂದರು. ಸಂಜೆ ಟೀ ಅಂಗಡಿಯಲ್ಲಿ ಅವರ ಗಂಟಲು, ಹೊಟ್ಟೆ ಎರಡನ್ನೂ ತಂದುಕೊಂಡು ಅದನ್ನೇ ಆಡಿ ತೋರಿಸಿದೆ. ನನ್ನಂಥ ಒಣಕಲನಿಗೆ ಹೊಟ್ಟೆ ತರುವುದೇ ಕಷ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀ ಕಾಸುವವನು ಮಾತ್ರ, "ಲೇ, ಈಗ ಅಲ್ಲಿ ಆಕಿರೋದು ನಿಮ್ಮಪ್ಪನ ಉಳ್ಳಿ ಕಣ್ಲಾ" ಅಂದ.

ಅಪ್ಪನ ಮುಂದೆ ನನಗೆ ಬೇರೆ ಯಾರ ದನಿಯೂ ಬರಲಿಲ್ಲ. "ಇಸ್ಕೂಲ್ ಒತ್ತಲ್ಲಿ ಒಸಿ ಎತ್ತಪ್ಪಾ, ಮಕ್ಳು ಓಗ್ಲಿ" ಅಂದೆ.

"ದಿನಾ ಎತ್ತಿ ಅರಡ್ತಾ ಕೂರಕ್ಕಾಯ್ತದಾ? ಎಣ್ಮಗೀಗೆ ಸೈಕಲ್ ಯಾಕ್ಲಾ?" ಎಂದ ಅಪ್ಪ ಸೈಕಲ್ಲನ್ನು ಅಟ್ಟಕ್ಕೆ ಹಾಕಿದ.

ತಂಗಿಯ ಕೈ ಕೂಡಿಕೊಂಡಿದೆ. ಈಗ ಅದೇ ರಸ್ತೆಯಲ್ಲಿ, ಕಲ್ಲುಗಳಿಂದಾಚೆ ಬಸ್ಸು ಓಡಾಡುವ ಮಗ್ಗುಲಲ್ಲೇ, ನಡೆದು ಹೋಗುತ್ತಾಳೆ.