ಕೋಲಿನ ಆಚೆಗಿನ ಹಕ್ಕಿ

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಏಪ್ರಿಲ್ ತಿಂಗಳಿಡೀ ಬೂದು ಪುಡಿ ಅಂಟಿರುತ್ತಿತ್ತು, ಶಾಲೆ ಮಕ್ಕಳ ಕೈಗೆ ಬಳಪ ಅಂಟುವ ಹಾಗೆ. ಅಂಗೈಯಗಲದ ದುಂಡನೆಯ ಸ್ಲೇಟೊಂದು ಅವರ ಬಳಿ ಇತ್ತು. ಅದರ ಮೇಲೆ ಮರದ ಕಡ್ಡಿಯನ್ನು ಪುಟ್ಟ ಪುಟ್ಟ ಸುತ್ತುಗಳಲ್ಲಿ ಉಜ್ಜಿದರೆ ಹೆಣ್ಣು ಟರ್ಕಿ ಕೋಳಿಯ ಕೂಗು ಏಳುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ ಕೂತಾಗಲೂ ಅವರ ಪೆನ್ಸಿಲ್ ಮೇಜಿನ ಮೇಲೆ ಅದೇ ಸುತ್ತುಗಳನ್ನು ಸದ್ದಿಲ್ಲದೆ ಸುತ್ತುತ್ತಿತ್ತು. ಎದುರಿಗಿದ್ದವರು ಅವರಿಗೆ ಬೇಜಾರಾಗಿದೆ ಎಂದುಕೊಳ್ಳುತ್ತಿದ್ದರು. ಹಾಗಲ್ಲ, ಅವರು ಅಭ್ಯಾಸ ಮಾಡುತ್ತಿದ್ದರು.

ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ, ಕಾರಿನ ಬ್ರೇಕುಗಳಿಗೆ ಬೇಕಾದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವರು ನನ್ನ ಮ್ಯಾನೇಜರ್. ಕೊಡಗಿನವರು. ಆಫೀಸಿನಲ್ಲಿ ಎಲ್ಲರ ಹಾಗೆ ನಾನೂ ಹೆಸರು ಹಿಡಿದು ಕರೆಯಬೇಕಿತ್ತು, ಮನೆಗೆ ಹೋದರೆ ಅಂಕಲ್. ಇಪ್ಪತ್ತು ವರ್ಷ ಮಿಚಿಗನ್ನಿನಲ್ಲಿದ್ದರೂ ಗದ್ದೆಯ ನಾಟಿ ಮುಗಿದ ಮೇಲಿನ ಬೇಟೆಯ ಆಸೆ ಅವರ ಮೈಯಿಂದ ಹೋಗಿರಲಿಲ್ಲ. ಟರ್ಕಿ ಬೇಟೆಯನ್ನು ಅವರಿಗೆ ಕಲಿಸಿದವನು ನಮ್ಮ ಲ್ಯಾಬಿನ ಟೆಕ್ನಿಷಿಯನ್, ಅಲ್ಲಿಯವನೇ. ಆ ಸ್ಲೇಟೂ ಅವನದೇ. ಒಮ್ಮೆ ಕೊಟ್ಟವನು ವಾಪಸ್ ಕೇಳಿರಲಿಲ್ಲ.

ಕಾರಿನ ಕಂಪನಿಗಳು ಒಂದೊಂದಾಗಿ ಮಂಡಿಯೂರುತ್ತಿದ್ದ ವರ್ಷ ಅದು. ನನ್ನ ವೀಸಾ ಕಂಪನಿಯ ಜೊತೆ ಗಂಟು ಹಾಕಿಕೊಂಡಿತ್ತು. ಕೆಲಸ ಹೋದರೆ ಇಲ್ಲಿ ಹೆಚ್ಚು ದಿನ ಇರುವ ಹಾಗಿಲ್ಲ. ಹೆಂಡತಿಗೆ ಏಳು ತಿಂಗಳು. ಹೊರಡುವ ಹಾಗೂ ಇಲ್ಲ, ವಿಮಾನ ಬೇಡವೆಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಬಾಗಿಲಿಗೆ ನನ್ನ ಕಾರ್ಡು ತೋರಿಸಿ, ಹಸಿರು ದೀಪ ಹತ್ತುವವರೆಗೆ ಉಸಿರು ಬಿಡುತ್ತಿರಲಿಲ್ಲ.

ಮೇ ತಿಂಗಳ ಮೊದಲ ಶನಿವಾರ ಬೇಟೆಗೆ ಜೊತೆಗೆ ಬಾ ಎಂದು ಅಂಕಲ್ ಮೊದಲೇ ಹೇಳಿದ್ದರು. ನಾನು ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ಆದರೂ ಹೋದೆ, ಮನೆಯಲ್ಲಿ ಕೂತರೆ ಗೋಡೆಗಳು ಹತ್ತಿರ ಬರುತ್ತಿದ್ದವು. ಜಾಕ್ಸನ್ ದಾಟಿದ ಮೇಲೆ ಒಬ್ಬ ರೈತನ ಜಮೀನು. ಅಂಚಿನಲ್ಲಿ ಓಕ್ ಮರಗಳು, ಅದರಾಚೆ ಜೌಗು. ಕಾರಿನಿಂದ ಇಳಿಯುತ್ತಲೇ ಅವರು ನನ್ನ ಮಣಿಕಟ್ಟು ಹಿಡಿದು ನೋಡಿದರು. ದೇವಸ್ಥಾನದಲ್ಲಿ ಹೆಂಡತಿ ಕಟ್ಟಿಸಿದ್ದ ಕೆಂಪು ದಾರ ಅಲ್ಲಿತ್ತು.

"ಅಂಗಿ ತೋಳು ಕೆಳಗೆ ಎಳ್ಕೋ ಮಾರಾಯ. ಗಂಡು ಟರ್ಕಿ ತಲೆ ಇದೇ ಬಣ್ಣ. ಬೇರೆ ಯಾರಾದ್ರೂ ಬೇಟೆಗೆ ಬಂದಿದ್ರೆ ನಿನ್ನನ್ನೇ ಹೊಡೀತಾರೆ. ಆಮೇಲೆ ನಿನ್ನ ಹೆಂಡ್ತಿಗೆ ನಾನೇನು ಹೇಳ್ಲಿ?"

ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಇಬ್ಬರೂ ಕೂತೆವು. ಕೂರುವ ಮೊದಲು ಅವರು ಎದುರಿಗೆ ಹೆಜ್ಜೆ ಎಣಿಸುತ್ತಾ ಹೋಗಿ ಒಂದು ಒಣ ಕೋಲನ್ನು ನೆಟ್ಟು ಬಂದರು. ಅವರ ಕೋವಿಯ ಗುಂಡು ಖಚಿತವಾಗಿ ಮುಟ್ಟುವುದು ಅಲ್ಲಿಯವರೆಗೆ. "ಕೋಲು ದಾಟಿ ಈಚೆಗೆ ಬರೋವರೆಗೂ ಅದು ನಮ್ದಲ್ಲ," ಎಂದರು. ಎಷ್ಟೋ ಸಲ ಹಕ್ಕಿ ಕೋಲಿನ ಆಚೆಯೇ ಗರಿ ಬಿಚ್ಚಿ ಕುಣಿದು ಹೊರಟುಹೋಗಿದೆಯಂತೆ. ಅದಕ್ಕೆ ಅವರು ಬೇಸರಪಟ್ಟವರಲ್ಲ. ಆ ಕತೆಗಳನ್ನೇ ಹೆಚ್ಚು ಖುಷಿಯಿಂದ ಹೇಳುತ್ತಿದ್ದರು.

ಸ್ಲೇಟು ಉಜ್ಜಿದರು. ತುಂಬ ಹೊತ್ತಿನ ಮೇಲೆ ಜೌಗಿನ ಕಡೆಯಿಂದ ಗಂಡಿನ ಗೊಗ್ಗರು ಕೂಗು ಬಂತು. ಮತ್ತೆ ಉಜ್ಜಿದರು. ಹಕ್ಕಿ ಬಂತು. ಎದೆಯಿಂದ ಕುದುರೆಬಾಲದ ಕೂದಲಿನಂಥ ಗಡ್ಡ ಇಳಿಬಿದ್ದಿತ್ತು, ಬೆನ್ನು ತಾಮ್ರದ ಹಾಗೆ ಹೊಳೆಯುತ್ತಿತ್ತು. ಕೋಲಿಗಿಂತ ಸ್ವಲ್ಪ ಆಚೆ ನಿಂತು ತಲೆ ಎತ್ತಿತು. ಅಂಕಲ್ ಆಗ ಒಂದು ಕ್ಷಣ ಹಕ್ಕಿಯನ್ನು ಬಿಟ್ಟು ನನ್ನ ಕಡೆ ನೋಡಿದರು. ಏನೋ ಹೇಳಲಿದ್ದಾರೆ ಅನ್ನಿಸಿತು. ಅಷ್ಟರಲ್ಲಿ ಹಕ್ಕಿ ಹಿಂದಕ್ಕೆ ತಿರುಗಿತು. ಅವರೂ ಗಡಬಡಿಸಿ ತಿರುಗಿ ಗುಂಡು ಹಾರಿಸಿದರು.

ಹಕ್ಕಿ ಉರುಳಿತು. ಗರಿಗಳು ಗಾಳಿಯಲ್ಲಿದ್ದಾಗಲೇ ಅದು ಎದ್ದಿತು. ಒಂದು ರೆಕ್ಕೆಯನ್ನು ನೆಲದ ಮೇಲೆ ಎಳೆದುಕೊಂಡು, ಮನುಷ್ಯರ ಹಾಗೆ ಮುಗ್ಗರಿಸುತ್ತಾ, ಜೌಗಿನ ಪೊದೆಗಳೊಳಗೆ ಓಡಿತು. ಅವರು ಕೋವಿ ಹಿಡಿದೇ ಹಿಂದೆ ಓಡಿದರು. ಎರಡನೆಯ ಗುಂಡಿಗೆ ಅವಕಾಶ ಸಿಗಲಿಲ್ಲ.

ಆ ಇಡೀ ಹಗಲು ಹುಡುಕಿದೆವು. ಒಣ ಎಲೆಯ ಮೇಲೆ ರಕ್ತದ ಹನಿ, ಅದರಾಚೆ ಒಂದು ಗರಿ, ಮತ್ತೊಂದು ಹನಿ, ಆಮೇಲೆ ನೀರು. ನೀರಿನಲ್ಲಿ ಗುರುತು ಉಳಿಯುವುದಿಲ್ಲ. ಅವರು ಮಂಡಿಯವರೆಗೆ ಕೆಸರಿನಲ್ಲಿ ನಿಂತು ಬಿದ್ದ ಮರಗಳ ಅಡಿಯಲ್ಲೆಲ್ಲ ಕೈಹಾಕಿ ನೋಡಿದರು. ಗಾಯವಾದ ಟರ್ಕಿ ಹಾರುವುದಿಲ್ಲವಂತೆ, ಕೂಗುವುದೂ ಇಲ್ಲವಂತೆ. ಇಕ್ಕಟ್ಟಾದ ಜಾಗದಲ್ಲಿ ನುಸುಳಿ ಸುಮ್ಮನೆ ಕೂರುತ್ತದೆ. ನಮ್ಮಿಂದ ಒಂದು ಮಾರು ದೂರದಲ್ಲಿ ಕೂತು ನಮ್ಮ ಹೆಜ್ಜೆ ಕೇಳುತ್ತಿರಬಹುದು ಎಂದು ನನಗೆ ಅನ್ನಿಸಿತು. ಆ ಯೋಚನೆಯಿಂದ ನಾನು ಈಗಲೂ ಪೂರ್ತಿ ಹೊರಬಂದಿಲ್ಲ.

ಸಂಜೆಯಾಗುವಾಗ ಹೇಳಿದೆ, ಹೋಗಲಿ ಬಿಡಿ ಅಂಕಲ್, ಬದುಕಿಕೊಂಡಿರಬಹುದು, ಎಂದು.

"ಹಾಗೆ ಹೇಳ್ಬೇಡ. ಅದು ಹಕ್ಕಿಗೋಸ್ಕರ ಹೇಳೋ ಮಾತಲ್ಲ, ನಾವು ಮನೆಗೆ ಹೋಗೋಕೆ ಹೇಳೋ ಮಾತು."

ವಾಪಸ್ ಬರುವಾಗ ರೇಡಿಯೋ ಹಾಕಲಿಲ್ಲ. ಅವರ ಅಜ್ಜನ ಕಾಲದಿಂದ ಮನೆಯಲ್ಲಿ ಒಂದು ನಡವಳಿಕೆ ಇತ್ತೆಂದು ಮಾತ್ರ ಹೇಳಿದರು. ಹೊಡೆದದ್ದನ್ನು ಕಳೆದುಕೊಂಡವನು ಕೋವಿ ಇಟ್ಟುಬಿಡಬೇಕು. ಕೈಲ್ ಪೊಳ್ದ್ ಹಬ್ಬದ ದಿನ, ಎಲ್ಲರ ಆಯುಧಗಳಿಗೂ ಪೂಜೆಯಾದ ಮೇಲೆ, ಹಿರಿಯರು ಕೊಟ್ಟರೆ ಮತ್ತೆ ತೆಗೆದುಕೊಳ್ಳಬಹುದು. ಹಬ್ಬ ಬರುವುದು ಸೆಪ್ಟೆಂಬರಿನಲ್ಲಿ. ಭಾನುವಾರ ಅವರೊಬ್ಬರೇ ಕೋವಿಯಿಲ್ಲದೆ ಆ ಜೌಗಿಗೆ ಮತ್ತೆ ಹೋಗಿ ಬಂದರೆಂದು ಅವರ ಹೆಂಡತಿ, ನಮಗೆ ಆಂಟಿ, ಆಮೇಲೆ ಹೇಳಿದರು.

ಸೋಮವಾರ ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಎಚ್‌ಆರ್‌ನವರು ಒಬ್ಬರು ಪಕ್ಕದಲ್ಲಿದ್ದರು. ನನ್ನ ಕೆಲಸ ಹೋಯಿತೆಂದು ಅಂಕಲ್ ಇಂಗ್ಲಿಷಿನಲ್ಲಿ, ಯಾರೋ ಬರೆದುಕೊಟ್ಟ ಮಾತುಗಳನ್ನು ಒಂದೂ ಬದಲಿಸದೆ ಓದಿದರು. ಅವರ ಕೈ ಮೇಜಿನ ಮೇಲೆ ಅಲುಗಾಡದೆ ಬಿದ್ದಿತ್ತು. ನನ್ನ ನಂತರ ಅದೇ ಕುರ್ಚಿಗೆ ಟೆಕ್ನಿಷಿಯನ್‌ನನ್ನು ಕರೆದರು.

ಪಾರ್ಕಿಂಗ್ ಲಾಟಿನಲ್ಲಿ ನಾನು ಕಾರಿನ ಬಾಗಿಲು ತೆಗೆದು ನಿಂತಿದ್ದೆ. ಒಳಗೆ ಕೂರಲು ಆಗುತ್ತಿರಲಿಲ್ಲ. ಅವರು ಕೋಟು ಹಾಕದೆ ಹೊರಗೆ ಬಂದರು.

"ಶನಿವಾರಾನೇ ಗೊತ್ತಿತ್ತು. ಹೇಳೋ ಹಾಗಿರ್ಲಿಲ್ಲ. ಬೈಯೋದಾದ್ರೆ ಬೈದ್ಬಿಡು."

ನನಗೆ ಬೈಗುಳ ಬರಲಿಲ್ಲ. ಕೋಲಿನ ಆಚೆ ನಿಂತ ಹಕ್ಕಿಯನ್ನು ಬಿಟ್ಟು ಅವರು ನನ್ನ ಕಡೆ ತಿರುಗಿ ನೋಡಿದ ಆ ಕ್ಷಣ ನೆನಪಾಯಿತು.

ಆಮೇಲಿನ ವಾರಗಳಲ್ಲಿ ಮನೆಯ ಫೋನು ರಿಂಗಾದರೆ ಮುಕ್ಕಾಲು ಪಾಲು ಅವರದೇ. ಅಪ್ಲೈ ಮಾಡಿದ್ಯಾ, ಅವರು ಏನಂದ್ರು, ಈ ನಂಬರಿಗೆ ಮಾಡು, ನನ್ನ ಹೆಸರು ಹೇಳು. ಶಿಕಾಗೋ ಕಡೆಯ ತಮ್ಮ ಹಳೆಯ ಪರಿಚಯದವರನ್ನೆಲ್ಲ ಎಬ್ಬಿಸಿದರು. ಇಟಾಸ್ಕಾದಲ್ಲಿ ಇಂಟರ್‌ವ್ಯೂ ಸಿಕ್ಕಿದಾಗ, ನಿನ್ನ ಕಣ್ಣು ನೋಡಿದರೆ ಸ್ಟಿಯರಿಂಗ್ ಕೊಡಲು ಧೈರ್ಯವಿಲ್ಲ ಎಂದು ರಜೆ ಹಾಕಿ ತಾವೇ ಡ್ರೈವ್ ಮಾಡಿಕೊಂಡು ಬಂದರು. ದಾರಿಯಲ್ಲಿ ಆಂಟಿ ಕಟ್ಟಿಕೊಟ್ಟಿದ್ದ ಕಡಂಬುಟ್ಟಿನ, ಅಂದರೆ ಅಕ್ಕಿ ಕಡುಬಿನ, ಡಬ್ಬಿ ತೆರೆದು, ಜೊತೆಗಿದ್ದ ಚಟ್ನಿಯನ್ನು ದುಃಖದಿಂದ ನೋಡಿದರು.

"ಕಡಂಬುಟ್ಟಿಗೆ ಚಟ್ನಿ. ನಮ್ಮೂರಲ್ಲಿ ಯಾರಿಗಾದ್ರೂ ಗೊತ್ತಾದ್ರೆ ನನ್ನ ಮನೆತನದ ಮರ್ಯಾದೆ ಹೋಯ್ತು. ನಿನಗೋಸ್ಕರ ಹಂದಿ ಸಾರು ಬಿಟ್ಟಿದ್ದೀನಿ, ಕೆಲಸ ತಗೊಂಡೇ ಬರ್ಬೇಕು."

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲೇ ಅವರು ಕಾದರು. ಇಟಾಸ್ಕಾದಲ್ಲಿ ಆಗಲಿಲ್ಲ. ಓಕ್ ಬ್ರೂಕ್‌ನಲ್ಲೂ ಆಗಲಿಲ್ಲ. ಮಗಳು ಹುಟ್ಟುವ ಹಿಂದಿನ ವಾರ ಲಿಸ್ಲ್‌ನ ಒಂದು ಕಂಪನಿ ವೀಸಾ ವರ್ಗಾಯಿಸಿಕೊಳ್ಳಲು ಒಪ್ಪಿತು. ನಾನು ಫೋನಿನಲ್ಲಿ ಹೇಳಿದಾಗ ಅವರು "ಹ್ಞೂಂ" ಎಂದು, ಹೆಂಡತಿ ಹೇಗಿದ್ದಾಳೆಂದು ಕೇಳಿದರು.

ಟೆಕ್ನಿಷಿಯನ್‌ಗೂ ಅವರು ಹಾಗೆಯೇ ಫೋನ್ ಮಾಡುತ್ತಿದ್ದರು. ಅವನು ಮೊದಮೊದಲು ಮಾತಾಡಿದ, ಆಮೇಲೆ ಎತ್ತಲಿಲ್ಲ, ಆಮೇಲೆ ಆ ನಂಬರೇ ಇಲ್ಲವಾಯಿತು. ಮನೆಗೆ ಹೋಗಿ ನೋಡಿದರೆ ಬಾಗಿಲಿಗೆ ಬ್ಯಾಂಕಿನ ಜಪ್ತಿ ಕಾಗದ ಅಂಟಿತ್ತು, ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ. ಟೆನೆಸಿಗೆ ಹೋದ ಎಂದರು ನೆರೆಯವರೊಬ್ಬರು, ಇಲ್ಲ ಟೆಕ್ಸಸ್ ಎಂದರು ಇನ್ನೊಬ್ಬರು. ಅಂಕಲ್ ಇಬ್ಬರ ಮಾತನ್ನೂ ಹಿಡಿದು ಹುಡುಕಿದರು.

ಸೆಪ್ಟೆಂಬರಿನಲ್ಲಿ ಹಬ್ಬಕ್ಕೆ ಕರೆದಾಗ ಮಗುವನ್ನು ಕಟ್ಟಿಕೊಂಡು ಹೋದೆವು. ಬೇಸ್‌ಮೆಂಟಿನಲ್ಲಿ ದೀಪದ ಮುಂದೆ ಕೋವಿ ಇಟ್ಟಿದ್ದರು. ಅದಕ್ಕೆ ಏರಿಸುವ ಕೋವಿಹೂ, ತೋಕ್ ಪೂ, ಈ ದೇಶದ ಅಂಗಡಿಯಲ್ಲಿ ಸಿಗದೆ, ಆಂಟಿ ತೋಟದ ಚೆಂಡುಹೂ ಕಟ್ಟಿದ್ದರು. ಪೂಜೆಯಾಯಿತು. ಕೊಡಲು ಹಿರಿಯರು ಯಾರೂ ಇಲ್ಲದ್ದರಿಂದ ಆಂಟಿಯೇ ಎತ್ತಿ ಕೊಟ್ಟರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮತ್ತೆ ದೀಪದ ಮುಂದೆ ಇಟ್ಟುಬಿಟ್ಟರು.

"ಇನ್ನೂ ಒಂದು ಸಿಕ್ಕಿಲ್ಲ," ಎಂದರು.

"ಹಕ್ಕಿನೋ, ಮನುಷ್ಯನೋ?" ಎಂದು ಆಂಟಿ ಕೇಳಿದರು.

ಅವರು ನನ್ನ ಮಗಳನ್ನು ಎತ್ತಿಕೊಂಡು, ಎಲ್ಲರಿಗೂ ಹಸಿವಾಗಿದೆ, ಬಡಿಸು ಎಂದರು.

ಪ್ರತಿ ವರ್ಷದ ಹಬ್ಬದಲ್ಲೂ ಹೀಗೆಯೇ ನಡೆಯಿತು. ಕೋವಿ ಕೈಗೆ ಬರುತ್ತಿತ್ತು, ಕಣ್ಣಿಗೆ ಮುಟ್ಟುತ್ತಿತ್ತು, ವಾಪಸ್ ಹೋಗುತ್ತಿತ್ತು. ಬೆರಳಿನ ಬೂದು ಪುಡಿ ಕಾಣದಾಯಿತು. ಮೀಟಿಂಗಿನಲ್ಲಿ ಪೆನ್ಸಿಲ್ ಸುತ್ತುವುದೂ ನಿಂತಿತಂತೆ. ಕಂಪನಿಯಲ್ಲೇ ಉಳಿದವರು ಹೇಳಿದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಹಿಮ ಎತ್ತಿಹಾಕಿ ಬಂದು ಕುರ್ಚಿಯಲ್ಲಿ ಕೂತವರು ಹಾಗೆಯೇ. ಅವರ ಊರಿನಲ್ಲಾದರೆ ಸಾವಿನ ಸುದ್ದಿ ತಿಳಿಸಲು ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ಮನೆಗಳು ಒತ್ತೊತ್ತಾಗಿರುವ ಆ ಬೀದಿಯಲ್ಲಿ ಅದು ಸಾಧ್ಯವಿರಲಿಲ್ಲ. ಸಾಧ್ಯವಿದ್ದರೂ ಬೇಡ ಎಂದರು ಆಂಟಿ. ಅವರೇ ಎತ್ತಿಕೊಳ್ಳದ ಕೋವಿ ಅದು.

ಸಾವಿಗೆ ಹೋಗಿದ್ದ ನಾನು ಹೊರಡುವಾಗ ಆಂಟಿ ಒಳಗಿನಿಂದ ಸ್ಲೇಟು ತಂದು ನನ್ನ ಕೈಗಿಟ್ಟರು. "ಇದು ನಮ್ಮದಲ್ಲಪ್ಪ. ಕೊಟ್ಟವರಿಗೆ ತಲುಪಿಸ್ಬೇಕು ಅಂತಿದ್ರು."

ಈಗ ಅದು ಲಿಸ್ಲ್‌ನ ನನ್ನ ಮನೆಯಲ್ಲಿ, ಫೋನಿನ ಪಕ್ಕದಲ್ಲಿದೆ. ನಾನು ಅದನ್ನು ಉಜ್ಜುವುದಿಲ್ಲ. ಬಿಡುವಾದಾಗ ಟೆನೆಸಿಯಲ್ಲಿ ಆ ಟೆಕ್ನಿಷಿಯನ್‌ನ ಹೆಸರಿನವರು ಯಾರಿದ್ದಾರೋ ಅವರಿಗೆ ಫೋನ್ ಮಾಡುತ್ತೇನೆ. ಮೊನ್ನೆ ಒಬ್ಬ ಹೆಂಗಸು ಎತ್ತಿದರು. ಡೆಟ್ರಾಯಿಟ್‌ನಲ್ಲಿದ್ದವರು ನಮ್ಮ ಪೈಕಿ ಯಾರೂ ಇಲ್ಲ, ಯಾಕೆ ಹುಡುಕುತ್ತಿದ್ದೀರಿ ಎಂದು ಕೇಳಿದರು. ಅವರದೊಂದು ವಸ್ತು ನನ್ನ ಬಳಿ ಉಳಿದಿದೆ ಎಂದೆ. ಪಾಪ, ಈಗಾಗಲೇ ಮರೆತಿರುತ್ತಾರೆ, ಬಿಟ್ಟುಬಿಡಿ ಎಂದರು ಆಕೆ, ಒಳ್ಳೆಯ ಮನಸ್ಸಿನಿಂದಲೇ.

ಅವರಿಗೆ ಥ್ಯಾಂಕ್ಸ್ ಹೇಳಿ, ಮುಂದಿನ ನಂಬರು ಒತ್ತಿದೆ.