ದಮ್ದಮಾ ಕೆರೆ ದಂಡೆಯಲ್ಲಿ ತೆರೆದ ಬ್ಯಾಟರಿ ಪೆಟ್ಟಿಗೆ

ಮೇ ತಿಂಗಳ ಶನಿವಾರ ಬೆಳಿಗ್ಗೆ ಕರೋಲ್ ಬಾಗ್‌ನಿಂದ ಮೆಟ್ರೋ ಹಿಡಿದು ದ್ವಾರಕಾ ತಲುಪಿದೆ. ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನವನು ರಿಜಿಸ್ಟರಿನಲ್ಲಿ ಹೆಸರು, ಹೊತ್ತು ಬರೆಸಿಕೊಂಡೇ ಒಳಗೆ ಬಿಟ್ಟ. ನಿವೃತ್ತ ಅಧಿಕಾರಿ ಶ್ರೀಕಂಠಯ್ಯನವರ ಮನೆಗಾಡಿ ಹೊರಟು ನಿಂತಿತ್ತು. ಮಂಚ, ಅಡಿಗೆ ಕಟ್ಟೆ, ಫ್ರಿಜ್ಜು ಎಲ್ಲ ಇರುವ ವ್ಯಾನು. ಅದರ ವೈರಿಂಗ್ ಪೂರ್ತಿ ನನ್ನ ಕೈಯದು. ಮುಂದಿನ ತಿಂಗಳು ಅದರಲ್ಲೇ ಕರ್ನಾಟಕಕ್ಕೆ ಹೊರಡುವವರು, ಒಂದು ರಾತ್ರಿ ಪರೀಕ್ಷೆಗೆಂದು ನನ್ನನ್ನೂ ಕರೆದಿದ್ದರು.

ಗುರುಗ್ರಾಮ, ಸೋಹ್ನಾ ದಾಟಿ ದಮ್ದಮಾ ಕೆರೆಗೆ ಹತ್ತಿರ ಹತ್ತಿರ ಅರವತ್ತು ಕಿಲೋಮೀಟರ್. ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಹಿಡಿಯಿತು. ಬಿಸಿಗಾಳಿ ಮುಖ ಸುಡುತ್ತಿತ್ತು. ಢಾಬಾದಲ್ಲಿ ಆಲೂ ಪರಾಠ ತಿಂದೆವು. ಸಂಜೆ ಸಾಹೇಬರ ಮಗ ನಿಖಿಲ್ ಕರೆಂಟಿನ ಒಲೆಯ ಮೇಲೆ ಮೂರು ಸಲ ಚಹಾ, ಆಮೇಲೆ ಖಿಚಡಿ ಮಾಡಿದ. ಒಲೆ ಹೊಸದು. ಯಾರು ಜೋಡಿಸಿದರೆಂದು ಕೇಳಿದೆ.

“ನಾನೇ. ಟೆನ್ಶನ್ ಬೇಡ ಭಯ್ಯಾ, ಎಂಜಿನಿಯರ್ ಇದ್ದೀನಿ.”

ನಾನು ರಾಣೆಬೆನ್ನೂರಿನವನು, ಅವನ ಜೊತೆ ಕನ್ನಡವೇ ಆಡುವವನು. ಆದರೂ ತರಕಾರಿಯವನನ್ನು ಕರೆದ ಹಾಗೆ ಭಯ್ಯಾ!

ಭಾನುವಾರ ಬೆಳಿಗ್ಗೆ ನೋಡಿದರೆ ಫ್ಯಾನಿಲ್ಲ, ಫ್ರಿಜ್ಜಿಲ್ಲ. ಸಾಹೇಬರ ಹೆಂಡತಿ ಸರೋಜಮ್ಮನವರ ಇನ್ಸುಲಿನ್ ಅದರೊಳಗಿತ್ತು. ನಿಖಿಲ್ ಗಾಡಿಯ ಬ್ಯಾಟರಿ ಲೆಕ್ಕ ತೋರಿಸುವ ಮೊಬೈಲನ್ನು ನನ್ನ ಮೂಗಿಗೆ ಹಿಡಿದ. “ದೇಖೋ, ಎಪ್ಪತ್ತೆಂಟು ಪರ್ಸೆಂಟ್! ಬ್ಯಾಟರಿ ಠೀಕ್ ಇದೆ. ನಿಮ್ಮ ವೈರಿಂಗೇ ಗಲತ್.”

“ಬಸವರಾಜ, ನಿನ್ನ ನಂಬಿ ಅಷ್ಟು ದೂರ ಹೊರಟಿದ್ದೆನಲ್ಲಯ್ಯ,” ಎಂದರು ಸಾಹೇಬರು. “ಎಲ್ಲಾ ಕಿತ್ತು ಬೇರೆಯವರ ಹತ್ತಿರ ಮಾಡಿಸೋದೇ ಸರಿ.”

ಮೈ ಉರಿದುಹೋಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನನ್ನ ತಂತಿ ಕಿತ್ತವರು ಇಲ್ಲಿಯವರೆಗೆ ಯಾರೂ ಇಲ್ಲ. ಬ್ಯಾಟರಿಗೆ ಮೀಟರ್ ಹಿಡಿದೆ. ಹನ್ನೆರಡರ ಮೇಲಿರಬೇಕಾದದ್ದು ಹತ್ತೂವರೆ ವೋಲ್ಟ್. ಪೂರಾ ಖಾಲಿ! ಪೆಟ್ಟಿಗೆಯೊಳಗೆ ಹೊಸದೊಂದು ಕರಿ ತಂತಿ ನೇರ ಬ್ಯಾಟರಿಯ ಮೈನಸ್ಸಿಗೇ ಬಿಗಿದಿತ್ತು.

“ಸಾಹೇಬ್ರೇ, ಈ ಶಂಟ್ ಅನ್ನೋ ತುಂಡು ನಿಮ್ಮ ಸೊಸೈಟಿ ಗೇಟಿದ್ದ ಹಾಗೆ,” ಎಂದೆ. “ಎಲ್ಲಾ ತಂತಿ ಇದನ್ನ ದಾಟೇ ಹೋಗಬೇಕು, ಆಗಲೇ ಮೊಬೈಲಿಗೆ ಲೆಕ್ಕ ಸಿಗೋದು. ಒಲೆ ತಂತಿ ಹಿತ್ತಲ ಗೋಡೆ ಹಾರಿ ಬಂದಿದೆ. ಅದು ತಿಂದಿದ್ದು ರಿಜಿಸ್ಟರಿಗೇ ಬಂದಿಲ್ಲ.”

ತಂತಿ ಬಿಚ್ಚಿ, ಬೇರೆ ಬ್ಯಾಟರಿಯಿರುವ ಎಂಜಿನ್ ಚಾಲೂ ಮಾಡಿಸಿದೆ. ಫ್ರಿಜ್ಜು ಗುಂಯ್ ಎಂದಿತು. ಸರೋಜಮ್ಮ ಸೀಸೆ ಮುಟ್ಟಿ ನೋಡಿದರು. “ಸದ್ಯ, ಇನ್ನೂ ತಣ್ಣಗಿದೆ.”

ಪೆಟ್ಟಿಗೆಯ ಮುಚ್ಚಳವನ್ನು ನಿಖಿಲನ ಮುಂದಿಟ್ಟೆ. ಅದರ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಗೆ ಬರೆದಿದ್ದೆ: ಬ್ಯಾಟರಿಗೆ ನೇರ ತಂತಿ ಕೊಡಬೇಡಿ. “ಇದು ಕಾಣಲಿಲ್ವಾ?”

ಅವನು ತಲೆ ಕೆರೆದುಕೊಂಡ. “ಕಾಣ್ತು. ಕನ್ನಡ ಓದೋಕೆ ಬರಲ್ಲ ನಂಗೆ.”

ಕನ್ನಡದ ಮನೆಯೆಂದೇ ಕನ್ನಡದಲ್ಲಿ ಬರೆದಿದ್ದೆ! ಸಾಹೇಬರು ಕೆರೆ ನೋಡುತ್ತ ನಿಂತರು.

ಮಧ್ಯಾಹ್ನ ದ್ವಾರಕಾದಲ್ಲಿ ಇಳಿಯುವಾಗ ಸಾಹೇಬರು, “ವೈರಿಂಗ್ ಹಾಗೇ ಇರಲಿ ಬಸವರಾಜ,” ಎಂದರು. ಸರೋಜಮ್ಮ ಮೆಲ್ಲಗೆ, “ಆ ಮುಚ್ಚಳದ ಮೇಲೆ ಹಿಂದೀಲೂ ಒಂದು ಸಾಲು ಬರೆದುಬಿಡಪ್ಪ,” ಎಂದರು.

“ನನ್ನ ಕೆಲಸ ಮುಗಿದಿದೆ ಅಮ್ಮಾ. ನಿಮ್ಮ ಮಗನೇ ಕನ್ನಡ ಓದೋದು ಕಲೀಲಿ.”

ಗೇಟಿನವನು ರಿಜಿಸ್ಟರ್ ಮುಂದಿಟ್ಟ. ಹೊರಟ ಹೊತ್ತು ಬರೆದೆ. ಪಕ್ಕದಲ್ಲಿ ಸಹಿ ಹಾಕಿದೆ, ದಪ್ಪ ಕನ್ನಡದಲ್ಲಿ.